ಐವತ್ತೊಂಬತ್ತು ಜನರಲ್ಲಿ ನಾನೊಬ್ಬ

ಲೆಕ್ಕ ಗೊತ್ತಿರುವವನಿಗೆ ಭಯ ಕಡಿಮೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಅಲ್ಲಿ ನನ್ನನ್ನು ಯಾರೂ ಸುಮ್ಮನೆ ಮಾತಾಡಿಸುವುದಿಲ್ಲ. ಪ್ರಬಂಧ ಒಪ್ಪಿಸುವ ವಾರ ಬಂದಾಗ ಮಾತ್ರ ಎಂ.ಡಿ. ಹುಡುಗರು ಸಾಲಾಗಿ ಬಂದು, "ಸಾರ್, ಪಿ ವ್ಯಾಲ್ಯೂ ಜಾಸ್ತಿ ಬಂದಿದೆ, ಸ್ವಲ್ಪ ಕಮ್ಮಿ ಮಾಡ್ಕೊಡಿ" ಎಂದು ಬದನೆಕಾಯಿಗೆ ಚೌಕಾಸಿ ಮಾಡುವ ಹಾಗೆ ಕೇಳುತ್ತಾರೆ. ಔಷಧ ಏನೂ ಕೆಲಸ ಮಾಡದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು ಎಂದು ಹೇಳುವ ಸಂಖ್ಯೆಯಪ್ಪಾ ಅದು, ಕಮ್ಮಿ ಮಾಡುವುದು ನನ್ನ ಕೈಯಲ್ಲಿಲ್ಲ ಎಂದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಕೆಲವರು ತಮಗೆ ಬೇಡವಾದ ಫಲಿತಾಂಶವನ್ನೇ ಬಚ್ಚಿಟ್ಟುಬಿಡುತ್ತಾರೆ. ಅಂಥವರನ್ನು ಕೂರಿಸಿಕೊಂಡು ಅರ್ಧ ಗಂಟೆ ಬೈಯುತ್ತೇನೆ. ನಿಜ ಹೇಳಬೇಕೆಂದರೆ, ಮಾತಾಡಲು ಒಬ್ಬರು ಸಿಕ್ಕರಲ್ಲ ಎಂಬ ಖುಷಿಗೂ ಬೈಯುತ್ತೇನೆ.

ಹೀಗಿರುವಾಗ ಕಾಲೇಜಿನಲ್ಲಿ ಸಿಬ್ಬಂದಿಗೆಲ್ಲ ಆರೋಗ್ಯ ತಪಾಸಣೆ ನಡೆಯಿತು. ಕರುಳಿನ ಕ್ಯಾನ್ಸರ್ ಇರಬಹುದೇ ಎಂದು ಸುಳಿವು ಕೊಡುವ ಪರೀಕ್ಷೆಯಲ್ಲಿ ನನ್ನದು ಪಾಸಿಟಿವ್ ಬಂತು. ಕೊಳವೆ ಹಾಕಿ ನೋಡಬೇಕೆಂದರು. ಆಸ್ಪತ್ರೆಗೆ ಫೋನ್ ಮಾಡಿದರೆ, "ಮಂಪರು ಬರೋ ಇಂಜೆಕ್ಷನ್ ಕೊಡ್ತೀವಿ ಸಾರ್, ಜೊತೆಗೆ ಯಾರಾದ್ರೂ ಇರ್ಲೇಬೇಕು. ಒಬ್ರೇ ಬಂದ್ರೆ ಮಾಡಲ್ಲ" ಎಂದಳು ಫೋನೆತ್ತಿದ ಹುಡುಗಿ. ಮೊಬೈಲಿನಲ್ಲಿದ್ದ ಹೆಸರುಗಳನ್ನೆಲ್ಲ ಎರಡು ಸಲ ನೋಡಿದೆ. ಗ್ಯಾಸ್ ಏಜೆನ್ಸಿಯವರನ್ನು ಕರೆಯುವ ಹಾಗಿರಲಿಲ್ಲ.

ಜರಗನಹಳ್ಳಿಯಲ್ಲಿ ನಾನು ಮಹಡಿ ಮೇಲೆ ಬಾಡಿಗೆಗೆ ಆರು ವರ್ಷದಿಂದ ಒಬ್ಬನೇ ಇದ್ದೇನೆ. ಕೆಳಗಿನ ಮನೆಯಲ್ಲಿ ಓನರ್ ಗೌರಮ್ಮನವರು. ಅಂದು ಅವರು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ತಡೆಯಲಾರದೆ ಅವರ ಮುಂದೆಯೇ ಪಾಠ ಶುರು ಮಾಡಿದೆ.

"ಸಾವಿರ ಜನ ಇದಾರೆ ಅಂದ್ಕೊಳ್ಳಿ ಗೌರಮ್ಮನವರೇ. ಹತ್ತು ಜನಕ್ಕೆ ಮಾತ್ರ ಕಾಯಿಲೆ ಇದೆ. ಟೆಸ್ಟು ಒಂಬತ್ತು ಜನರನ್ನ ಹಿಡಿಯುತ್ತೆ. ಆದ್ರೆ ಏನೂ ಇಲ್ಲದೋರಲ್ಲೂ ನೂರಕ್ಕೆ ಐದು ಜನರನ್ನ ಸುಮ್ಮಸುಮ್ನೆ ಹಿಡಿದ್ರೆ, ಅದೇ ಹತ್ತಿರ ಹತ್ತಿರ ಐವತ್ತಾಯ್ತು. ಪಾಸಿಟಿವ್ ಬಂದ ಐವತ್ತೊಂಬತ್ತು ಜನದಲ್ಲಿ ನಿಜವಾದ ರೋಗಿಗಳು ಒಂಬತ್ತೇ ಜನ!"

"ಅಷ್ಟು ಜನ ಬಿಡಿ ಮೇಷ್ಟ್ರೇ," ಎಂದರು ಅವರು ಸೊಪ್ಪಿನಿಂದ ಕಣ್ಣೆತ್ತದೆ. "ನಿಮ್ ಜೊತೆ ಆಸ್ಪತ್ರೆಗೆ ಯಾರ್ ಬರ್ತಾರೆ?"

ಇಷ್ಟು ವರ್ಷದ ಸರ್ವೀಸಿನಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಕೊನೆಗೆ ಅವರೇ ಬಂದರು. ಆಸ್ಪತ್ರೆಯ ಫಾರಂ ತುಂಬುವಾಗ "ಪೇಷೆಂಟಿಗೆ ನೀವೇನಾಗ್ಬೇಕು?" ಎಂದು ಕೇಳಿದ್ದಕ್ಕೆ "ಓನರ್ರು" ಎಂದರಂತೆ. ಡಾಕ್ಟರು ಸಣ್ಣ ಗಂಟೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರಲು ಒಂದು ವಾರ. ಆ ವಾರ ದಿನವೂ ಸಂಜೆ ಗೌರಮ್ಮನವರು ಮೇಲೆ ಬಂದು ಸೊಪ್ಪಿನ ಸಾರು, ಮುದ್ದೆ ಬಡಿಸಿ, ನಾನು ಉಣ್ಣುವವರೆಗೂ ಕೂತು ತಮ್ಮ ಮಂಡಿನೋವು, ಜರಗನಹಳ್ಳಿಯ ಹಳೇ ಹೊಲಗದ್ದೆ ಎಲ್ಲ ಹೇಳುತ್ತಿದ್ದರು. ಭಯದಿಂದ ಮುದ್ದೆ ಇಳಿಯುತ್ತಿರಲಿಲ್ಲ, ಆದರೂ ಸಂಜೆಗಾಗಿ ಕಾಯುತ್ತಿದ್ದೆ.

ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ. ನಾನು ಆ ಐವತ್ತರ ಗುಂಪಿನವನು. ಕಣ್ಣಲ್ಲಿ ನೀರೇ ಬಂತು. ಆದರೆ ಸಂಜೆ ಗೌರಮ್ಮನವರು ಪಾತ್ರೆ ಹಿಡಿದು ಬಂದು "ಬಂತಾ?" ಎಂದಾಗ, ನನ್ನ ಬಾಯಿಂದ "ಇನ್ನೂ ಇಲ್ಲ" ಎಂದು ಹೊರಟುಹೋಯಿತು. ಮಾರನೆಯ ದಿನವೂ ಹಾಗೇ ಹೇಳಿದೆ. ಹೀಗೆ ಒಟ್ಟು ನಾಲ್ಕು ದಿನ, ಒಳ್ಳೆಯ ಫಲಿತಾಂಶವನ್ನು ಮೇಜಿನ ಡ್ರಾಯರಿನಲ್ಲಿ ಬಚ್ಚಿಟ್ಟು, ಸಾರಿಗೆ ತಟ್ಟೆಯೊಡ್ಡಿದೆ.

ಐದನೆಯ ದಿನ ಅವರು "ದೇವ್ರಿಗೆ ಹರಕೆ ಹೊತ್ಕೊಂಡಿದೀನಿ" ಎಂದಾಗ ತಡೆಯಲಾಗಲಿಲ್ಲ. ಡ್ರಾಯರ್ ಎಳೆದು ರಿಪೋರ್ಟ್ ತೋರಿಸಿ, ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರು ರಿಪೋರ್ಟನ್ನು ಮಡಚಿ ಡ್ರಾಯರಿಗೆ ಹಾಕಿ, ತಟ್ಟೆಗೆ ಮುದ್ದೆ ಇಟ್ಟರು.

"ಹಸಿವಾದ್ರೆ ಹೇಳ್ಬೇಕು ಮೇಷ್ಟ್ರೇ. ಅದಕ್ಕೆ ಕ್ಯಾನ್ಸರ್ ಯಾಕ್ ಬೇಕು?"

ನನಗೆ ಹಸಿವಾಗಿರಲಿಲ್ಲ. ಹಾಗೆಂದು ಅವರನ್ನು ತಿದ್ದುವ ಧೈರ್ಯ ಬರಲಿಲ್ಲ. ಅಂದು ಎರಡು ಮುದ್ದೆ ತಿಂದೆ.