ಗೋಡೆ ಮ್ಯಾಲಿನ ಊರು

ಗೋಡೆ ಮೇಲೆ ನಕ್ಷಾ ಬರೆಯುವವನ ಬೆನ್ನ ಹಿಂದೆ ಜನ ಬಂದು ನಿಲ್ಲುತ್ತಾರೆ. ಜನ ನಿಂತರೆ ಏನಾದರೂ ಒಂದು ಆಗಿಯೇ ಆಗುತ್ತದೆ. ನಾನು ಬೇಡ ಅಂದರೂ ಆಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಪಂಚಾಯ್ತಿ ಗೋಡೆಗಳ ಮೇಲೆ ಊರಿನ ನಕ್ಷಾ ಬರೆಯುವುದು ನನ್ನ ಕೆಲಸ. ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ನೋಡಿ ನೋಡಿ ಬರೆಯುತ್ತೇನೆ. ಊರಿನಲ್ಲಿ ಏನೇನಿದೆ ಅಂತ ತಿಳಿದುಕೊಂಡು ಬರುತ್ತಿದ್ದವಳು ನನ್ನ ಹೆಂಡತಿ. ನಾನು ಗೋಡೆಗೆ ಸುಣ್ಣ ಹಚ್ಚುವುದರೊಳಗೆ ಅವಳು ನಾಲ್ಕು ಓಣಿ ತಿರುಗಿ, ಎಂಟು ಮನೆಯಲ್ಲಿ ಚಹಾ ಕುಡಿದು ಬಂದಿರುತ್ತಿದ್ದಳು. ಅವಳು ಹೋಗಿ ಎಂಟು ತಿಂಗಳಾಯಿತು. ಅವಳಿಲ್ಲದೆ ಬರೆದರೆ ಅದು ಊರಿನ ನಕ್ಷಾ ಆಗುತ್ತದೋ, ಬರೇ ಬಣ್ಣ ಆಗುತ್ತದೋ. ಈಗ ನನಗೆ ಅದೊಂದೇ ಚಿಂತೆ.

ಮೊದಲು ಅವಳಿದ್ದಾಗಿನವು ಹೇಳುತ್ತೇನೆ.

೧. ಹೊಳೆ ಸರಿಸಿದ್ದು

ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಒಂದೂರು. ಗೌಡರು ಕುರ್ಚಿ ತರಿಸಿಕೊಂಡು ನನ್ನ ಹಿಂದೆ ಕುಂತರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು.

"ಆ ಬೆರಳಿನಷ್ಟು ಇರೋದು ಯಾರ ಮನಿ?"

"ನಿಮ್ದೇರಿ. ಅಳತಿ ಪ್ರಕಾರ ಅಷ್ಟೇ ಬರ್ತದರಿ."

"ಊರಾಗ ನನ್ನ ಮನಿ ಬೆರಳಿನಷ್ಟು ಕಾಣ್ತದೇನು?"

ದೊಡ್ಡದು ಮಾಡಿದೆ. ಸಂಜೆ ಅವರ ತಮ್ಮ ಬಂದರು. ಅಣ್ಣತಮ್ಮರದು ಪಾಲಾಗಿತ್ತು. "ನಮ್ಮದು ಸಮ ಪಾಲು," ಅಂದರು. ಅವರದೂ ದೊಡ್ಡದು ಮಾಡಿದೆ. ಎರಡು ಮನೆ ಮುಗಿಯುವುದರೊಳಗೆ ಹೊಳೆಗೆ ಜಾಗ ಉಳಿಯಲಿಲ್ಲ.

ಏನು ಮಾಡಲಿ ಅಂತ ಹೆಂಡತಿಯ ಮುಖ ನೋಡಿದೆ.

"ಹೊಳಿನೇ ಆಚಿ ಸರಸ್ರಿ," ಅಂದಳು. "ಅದೇನು ಕುರ್ಚಿ ಹಾಕ್ಕೊಂಡು ಕುಂತದೇನು?"

ಎರಡು ಗೇಣು ಆಚೆ ಸರಿಸಿದೆ. ಆ ವರ್ಷ ಹೊಳೆ ನೀರು ಊರೊಳಗೆ ಬರಲಿಲ್ಲ. ತಾವೇ ಸರಿಸಿದ್ದು ಅಂತ ಗೌಡರು ಇಂದಿಗೂ ಹೇಳಿಕೊಳ್ಳುತ್ತಾರೆ.

೨. ಫೋನಿಗೆ ಗೊತ್ತಿದ್ದದ್ದು

ನರೋಣಾ ಕಡೆಯ ಒಂದೂರು. ನಾವು ಬರೆಯಲು ಹೋದ ದಿನವೇ ಪಂಚಾಯ್ತಿ ತಪಾಸಣೆಗೆ ಸಾಹೇಬರು ಬರುವವರಿದ್ದರು. ಅವರು ಯಾರನ್ನೂ ದಾರಿ ಕೇಳುವವರಲ್ಲ. ಫೋನಿನೊಳಗಿನ ನಕ್ಷಾ ಹೇಳಿದಂತೆ ಬಂದರು.

ಆ ಊರಿನ ಶಾಲೆ ಫೋನಿನಲ್ಲಿ ಇರಲಿಲ್ಲ. ದವಾಖಾನೆ ಇರಲಿಲ್ಲ. ಕುಡಿಯುವ ನೀರಿನ ಬಾವಿ ಇರಲಿಲ್ಲ. ಒಂದು ಪಾನ್ ಡಬ್ಬಾ ಮಾತ್ರ ಇತ್ತು, ಫೋಟೋ ಸಮೇತ. ಡಬ್ಬಾದವನು ತಾನೇ ಹಾಕಿಕೊಂಡಿದ್ದ. ಪಂಚಾಯ್ತಿ ಅಂತ ಕೇಳಿದರೂ ಫೋನು ಅಲ್ಲಿಗೇ ಕರೆದುಕೊಂಡು ಬರುತ್ತಿತ್ತು.

ಸಾಹೇಬರ ಗಾಡಿ ಡಬ್ಬಾ ಮುಂದೆ ನಿಂತಿತು. ಗಾಜು ಇಳಿಸಿ ಕೇಳಿದರು. "ಪಂಚಾಯ್ತಿ ಎಲ್ಲಿ?"

ಡಬ್ಬಾದವನು ಬಾಯಿಯೊಳಗಿನ ಎಲೆ ಒಂದು ಕಡೆ ಸರಿಸಿದ. "ನಿಮ್ಮ ಫೋನು ಏನಂತದರಿ?"

"ಇದೇ ಅಂತದ."

"ಹಂಗಾದ್ರ ಇಳೀರಿ. ಫೋನು ಸುಳ್ಳು ಹೇಳಂಗಿಲ್ಲ."

ಸುಳ್ಳಲ್ಲ. ಅಧ್ಯಕ್ಷರು, ಉಪಾಧ್ಯಕ್ಷರು, ಆರು ಮಂದಿ ಮೆಂಬರು, ಎಲ್ಲರೂ ಅಲ್ಲೇ ಬೆಂಚಿನ ಮೇಲೆ ಕುಂತಿದ್ದರು.

೩. ಗೋಡೆಯ ತಿರುವು

ಜೇವರ್ಗಿ ತಾಲೂಕಿನ ಒಂದೂರಿನ ಪಿಡಿಒ ಹಳೆಯ ಕಾಗದ ಕೊಟ್ಟರು. ಆ ಕಾಗದದಲ್ಲಿ ಊರು ಹಳ್ಳದ ತನಕ ಬಂದು ನಿಲ್ಲುತ್ತಿತ್ತು. ಹಳ್ಳ ದಾಟಿದರೆ ಒಂದು ಓಣಿ ಇದೆ. ಅಲ್ಲಿನವರ ಅಜ್ಜಂದಿರೂ ಅಲ್ಲೇ ಹುಟ್ಟಿದವರು. ಕಾಗದಕ್ಕೆ ಅದು ಗೊತ್ತಿರಲಿಲ್ಲ.

ನಾನು ಇದ್ದಷ್ಟು ಬರೆದು ಮುಗಿಸಿದೆ. ಆ ಓಣಿಯ ಒಬ್ಬಳು ಮುದುಕಿ ಆಯಿ ಬಂದು ಗೋಡೆ ಮುಂದೆ ಬಹಳ ಹೊತ್ತು ನಿಂತಳು.

"ನಮ್ಮ ಓಣಿ ಎಲ್ಲದ ತಮ್ಮಾ?"

"ಕಾಗದದಾಗ ಇಲ್ಲ ಆಯಿ."

"ಓಟು ಕೇಳಾಕ ಬರೋರು ಯಾವ ಕಾಗದ ನೋಡಿ ಬರ್ತಾರ?"

ಹೆಂಡತಿ ಹಿಂದಿನಿಂದ ಬಣ್ಣದ ಡಬ್ಬಿ ತಂದು ಕೈಗಿಟ್ಟಳು. ಮುಂದಿನ ಗೋಡೆಯಲ್ಲಿ ಜಾಗ ಇರಲಿಲ್ಲ. ಹಳ್ಳವನ್ನು ಮೂಲೆಯಲ್ಲಿ ತಿರುಗಿಸಿ, ಪಕ್ಕದ ಗೋಡೆ ಮೇಲೆ ಆ ಓಣಿ ಬರೆದೆ. ಮನೆ ಮನೆ ಎಣಿಸಿ ಹೇಳಿದವಳು ಅವಳೇ.

ಪಿಡಿಒ ನೋಡಿ ಗೊಣಗಿದರು. "ಊರನ್ನ ಮೂಲಿ ಹೊರಳಿಸಿ ಬರೀತಾರೇನು?"

"ನೀವು ಓಣಿಗೆ ಹೋಗೋವಾಗೂ ಹೊರಳೇ ಹೋಗ್ಬೇಕಲ್ರಿ," ಅಂದಳು ಹೆಂಡತಿ.

ಮೂರು ವರ್ಷ ಬಿಟ್ಟು ಆ ದಾರಿಯಲ್ಲಿ ಹೋದೆವು. ಮುಂದಿನ ಗೋಡೆಗೆ ದಿನವಿಡೀ ಬಿಸಿಲು. ಗುಡಿ, ಚಾವಡಿ, ದೊಡ್ಡ ಮನೆಗಳು ಎಲ್ಲ ಬೆಳ್ಳಗಾಗಿ ಹೋಗಿದ್ದವು. ಪಕ್ಕದ ಗೋಡೆ ನೆರಳಿನಲ್ಲಿತ್ತು. ಆ ಓಣಿ ನಿನ್ನೆ ಬರೆದಂಗಿತ್ತು.

ಆಯಿ ಅಲ್ಲೇ ನೆರಳಿಗೆ ಕುಂತಿದ್ದಳು. "ನೋಡು ತಮ್ಮಾ. ಈಗ ಊರಂದ್ರ ನಾವೇ. ಅವರೆಲ್ಲ ಎಲ್ಲಿ ಹೋದ್ರೋ, ಪಾಪ."

೪. ಖಾಲಿ ಜಾಗ

ಇದು ಮೊನ್ನೆಯದು. ಮಟಕಿ ಕಡೆಯ ಒಂದೂರು. ಒಬ್ಬನೇ ಹೋದೆ.

ಓಣಿ ತಿರುಗುವವರು ಯಾರೂ ಇರಲಿಲ್ಲ. ಕಟ್ಟೆ ಮೇಲೆ ಕುಂತ ಗಂಡಸರನ್ನು ಕೇಳಿದೆ. ಅವರು ಹೇಳಿದ್ದು ಬರೆದೆ. ಹೋಟೆಲ್, ಕಟಿಂಗ್ ಅಂಗಡಿ, ಪಾನ್ ಡಬ್ಬಾ, ಇಸ್ಪೀಟ್ ಆಡುವ ಬೇವಿನ ಗಿಡ.

ಊರ ಹಿಂದಿನ ಜಾಲಿ ಕಂಟಿಯ ಜಾಗ ತೋರಿಸಿ ಅಧ್ಯಕ್ಷರು ಅಂದರು. "ಅಲ್ಲಿ ಖಾಲಿ ಜಾಗ ಅಂತ ಬರಿ. ದೊಡ್ಡ ದೀಪದ ಕಂಬ ಹಾಕಸ್ತೇವಿ. ಹಗಲಿನಂಗ ಆಗಬೇಕು. ನಾಳೆ ಇಂಜಿನಿಯರ್ ಮೇಡಂ ಬಂದು ನಕ್ಷಾ ನೋಡಿ ಜಾಗ ಒಪ್ಪತಾರ."

ಅವರು ಹೋದ ಮೇಲೆ ಅವರ ಅವ್ವ ಬಂದಳು.

"ನಿನ್ನ ಹೆಣ್ತಿ ಎಲ್ಲಿ? ಹೋದ ಸಲ ಶಾಲಿ ಗ್ವಾಡಿ ಬರಿವಾಗ ನಮ್ಮ ಪಡಸಾಲ್ಯಾಗ ಕುಂತು ಎಷ್ಟು ನಗಿಸಿದ್ದಳು."

"ತೀರಿಕೊಂಡಳು ಆಯಿ."

ಅವಳು ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಅದಕ್ಕ ಈ ಊರಾಗ ಒಬ್ಬಾಕಿ ಹೆಣ್ಮಗಳೂ ಇಲ್ಲ."

ಬ್ರಷ್ ಕೆಳಗಿಟ್ಟೆ. ಆಮೇಲೆ, ಏನು ಬರೆಯಲಿ ಅಂತ ಕೇಳಿದೆ.

"ಆ ಖಾಲಿ ಜಾಗದಾಗ ಚರಿಗಿ ಬರಿ. ಐದಾರು ಬರಿ."

ನಸುಕಿನಲ್ಲಿ ನೀರಿನ ಚರಿಗೆ ಹಿಡಿದು ಊರ ಹಿಂದೆ ಬಯಲಕಡೆಗೆ ಹೊರಟ ಹೆಂಗಸನ್ನು, ಎಲ್ಲಿಗೆ ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅಂಥ ಜಾಗಕ್ಕೆ ಹಗಲಿನಂಥ ದೀಪ.

"ಮಗಗ ನೀವೇ ಹೇಳಬೇಕಿಲ್ಲ?"

"ಗಂಡಸರ ಮುಂದ ಹ್ಯಾಂಗ ಹೇಳೋದು ಅದನ್ನ? ನಿನ್ನ ಹೆಣ್ತಿ ಇದ್ದಿದ್ರ ಆಕಿ ಕಿವ್ಯಾಗ ಹೇಳ್ತಿದ್ದೆ. ಈಗ ಗ್ವಾಡಿಗೆ ಹೇಳಾಕತ್ತೇನಿ."

ಆರು ಚರಿಗೆ ಬರೆದೆ. ಬೆಳ್ಳಿ ಬಣ್ಣ ಹಚ್ಚಿದೆ. ದೂರದಿಂದಲೂ ಹೊಳೆಯುತ್ತಿದ್ದವು.

ಮರುದಿನ ಮೇಡಂ ಬಂದರು. ಒಂದು ಕಡೆ ಗಂಡಸರು, ಹಿಂದೆ ಹೆಣ್ಣುಮಕ್ಕಳು. ಅಧ್ಯಕ್ಷರು ಕೋಲಿನಿಂದ ತೋರಿಸುತ್ತ ಬಂದರು. "ಇದು ಖಾಲಿ ಜಾಗರಿ ಮೇಡಂ," ಅಂದಾಗಲೇ ಅವರೂ ಚರಿಗೆ ನೋಡಿದ್ದು.

"ಖಾಲಿ ಇದ್ದರೆ ಈ ಚರಿಗೆ ಯಾರವು?" ಅಂದರು ಮೇಡಂ.

ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಬ್ರಷ್ ನೋಡಿದೆ. ಮೆಂಬರುಗಳು ಮಳೆ ಬರುತ್ತದೋ ಏನೋ ಅಂತ ಮುಗಿಲು ನೋಡಿದರು. ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದಿದ್ದರು.

ಹಿಂದಿನಿಂದ ಅಧ್ಯಕ್ಷರ ಅವ್ವ ಅಂದಳು. "ಒಂದು ನಂದರಿ ಮೇಡಂ. ಅದರ ಬಾಜೂಕಿಂದು ನಮ್ಮ ಸೊಸಿದು."

ಮೇಡಂಗೆ ತಿಳಿಯಿತು. ನಗಲಿಲ್ಲ. ಕಾಗದದ ಮೇಲೆ ಒಂದು ಗೆರೆ ಹೊಡೆದರು. "ಕಂಬ ಬಸ್ ನಿಲ್ಲೋ ಕಡೆ ಹಾಕೋಣ. ಇಲ್ಲಿ ಏನು ಬೇಕು ಅಂತ ಇವರನ್ನೇ ಕೇಳ್ತೇನೆ."

ಅಧ್ಯಕ್ಷರು ಅವ್ವನ ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದರು. "ಯವ್ವಾ, ಮಂದಿ ಮುಂದ ಮರ್ಯಾದಿ ತೆಗದಿ. ಮನಿಯಾಗ ಪಾಯಖಾನಿ ಕಟ್ಟಿಸೀನಲ್ಲ ನಾ?"

ಅವ್ವ ದನಿ ಸಣ್ಣದು ಮಾಡಲಿಲ್ಲ.

"ಕಟ್ಟಿಸೀದಿ. ಅದರಾಗ ತೊಗರಿ ಚೀಲ ತುಂಬಿ, ಕೀಲಿ ಜಡದು, ಆ ಕೀಲಿ ನಿನ್ನ ಉಡದಾರಕ್ಕ ಕಟ್ಟಿಕೊಂಡೀದಿ. ಮೊದಲ ಅದನ್ನ ಬಿಚ್ಚಿಕೊಡು. ಆಮ್ಯಾಲ ಈ ನಕ್ಷಾದಂವಗ ಹೇಳಿ ನನ್ನದೊಂದು ಚರಿಗಿ ಅಳಸ್ತೇನಿ."