ಒಂದು ಸೆಂಟಿಮೀಟರ್ ಮುಂದೆ ಬಂದ ದವಡೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಹೊಸ ದವಡೆ ಹಳೇ ಜಾಗಕ್ಕೇ ಹೋಗಲಿ. ಹೈದರಾಬಾದಿನಲ್ಲಿ ಇಷ್ಟು ಜನ ಇದ್ದರೂ ಇಂಥವು ನನ್ನನ್ನೇ ಹುಡುಕಿಕೊಂಡು ತಾರ್ನಾಕದ ನಮ್ಮ ಮನೆಗೇ ಬರುತ್ತವೆ.

೧. ಗೇರ್‌ಬಾಕ್ಸ್ ಕೆಟ್ಟಿದ್ದು

ನಾನು ಸರ್ಕಾರಿ ಕಾರ್ಖಾನೆಯ ಕ್ರೇನ್ ಆಪರೇಟರ್. ಶೆಡ್ಡಿನ ಸೂರಿನ ಹತ್ತಿರ ಕ್ಯಾಬಿನ್ನಿನಲ್ಲಿ ಕೂತು ಹತ್ತು ಟನ್ ಕಬ್ಬಿಣವನ್ನು ಹೂವಿನ ಹಾಗೆ ಇಳಿಸುವವನು. ಒಂದು ದಿನ ಊಟವಾದ ಮೇಲೆ ಮೇಲಿನಿಂದ ಕರಕರ ಸದ್ದು. ಫೋರ್‌ಮನ್ ಹೌಹಾರಿ, "ಗೇರ್‌ಬಾಕ್ಸ್ ಹೋತು!" ಎಂದು ಮೆಕ್ಯಾನಿಕ್‌ನನ್ನು ಹತ್ತಿಸಿದ. ಅವನು ಗ್ರೀಸ್ ಡಬ್ಬಿ ಹಿಡಿದು ಬಂದು ನೋಡಿದರೆ ಗೇರ್‌ಬಾಕ್ಸ್ ತೆಪ್ಪಗಿದೆ, ನಾನು ಗೊರಕೆ ಹೊಡೆಯುತ್ತಿದ್ದೇನೆ.

ಪರೀಕ್ಷೆ ಮಾಡಿಸಿದರೆ, ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ನನ್ನ ಉಸಿರೇ ಆಗಾಗ ನಿಲ್ಲುತ್ತಿತ್ತಂತೆ. ಅದಕ್ಕೇ ಹಗಲು ತೂಕಡಿಕೆ. "ಇದು ವಾಸಿ ಆಗೋತನಕ ಕ್ರೇನ್ ಹತ್ತಂಗಿಲ್ಲ" ಎಂದು ಕಾರ್ಖಾನೆ ಡಾಕ್ಟರು ನನ್ನನ್ನು ಸ್ಟೋರಿನ ಸ್ಟೂಲಿಗೆ ಇಳಿಸಿದರು. ಆ ಮೆಕ್ಯಾನಿಕ್ ದಿನಾ ಬಂದು ಕೇಳುತ್ತಿದ್ದ: "ಕಾಕಾ, ಗ್ರೀಸ್ ಬೇಕೇನ್ರಿ?"

೨. ಬೆರಳು ತಿರುಗಿಸಿದ್ದು

ಮಲಗುವಾಗ ಮೂಗಿಗೆ ಕಟ್ಟಿಕೊಳ್ಳುವ ಗಾಳಿ ಮಷೀನು ನನಗೆ ಒಗ್ಗಲಿಲ್ಲ. ಕೊನೆಗೆ ಹಿಮಾಯತ್‌ನಗರದ ದವಡೆ ಸರ್ಜನ್, ಎರಡೂ ದವಡೆ ಕೊಯ್ದು ಒಂದು ಸೆಂಟಿಮೀಟರ್ ಮುಂದೆ ತಂದು ಸ್ಕ್ರೂ ಹಾಕಿದರೆ ಗಂಟಲ ದಾರಿ ಅಗಲವಾಗುತ್ತದೆ ಎಂದರು.

ಆಪರೇಷನ್ ಕೋಣೆಯಲ್ಲಿ ನಾನು, "ಒಂದು ಸೆಂಟಿಮೀಟರ್ ಸರಸಾಕ ಇಷ್ಟ ಮಂದಿ ಬೇಕೇನ್ರಿ ಡಾಕ್ಟ್ರ? ನಾ ಒಬ್ಬನ ಹತ್ತು ಟನ್ ಸರಸ್ತೀನಿ" ಎಂದೆ. ತಕ್ಷಣ ಅರಿವಳಿಕೆ ಕೊಡಿಸಿಬಿಟ್ಟರು.

ಎಚ್ಚರವಾದಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರ್ ಬ್ಯಾಂಡ್. ಮಾತಿಲ್ಲ, ರೊಟ್ಟಿಯಿಲ್ಲ, ಬರೀ ಬೇಳೆಕಟ್ಟು. ಮನೆಗೆ ಬಂದ ದಿನ ಒಂದು ಲೋಟ ಕುಡಿದು ಸಾಕಾಗಿ, ನಮ್ಮ ಕ್ರೇನಿನವರ ಸನ್ನೆಯಂತೆ ತೋರುಬೆರಳು ಮೇಲೆ ಮಾಡಿ ತಿರುಗಿಸಿದೆ. ಎತ್ತು, ಇಲ್ಲಿಂದ ತೆಗೆ ಎಂದರ್ಥ.

"ಇನ್ನೊಂದು ರೌಂಡಾ? ಭಾಳ ಸೇರೇತಿ ನೋಡ್ರಿ!" ಎಂದು ಹೆಂಡತಿ ಮತ್ತೊಂದು ಲೋಟ ತಂದಳು. ತಿರುಗಿಸಿದಷ್ಟೂ ಬಂತು. ನಾಲ್ಕನೆಯ ಲೋಟದ ಹೊತ್ತಿಗೆ ನನ್ನನ್ನು ನೋಡಲು ಮೆಕ್ಯಾನಿಕ್ ಬಂದ. "ಕಾಕೂ, ಅವ್ರು ಎತ್ರಿ ಅನ್ನಾಕತ್ತಾರ!"

ಹೆಂಡತಿ ಲೋಟ ಎತ್ತಿ ಅವನ ಕೈಗಿಟ್ಟಳು. "ಕುಡೀರಿ ಹಂಗಾರ."

೩. ನಾನು ನಾನಲ್ಲದ್ದು

ಕೆಲವು ತಿಂಗಳಲ್ಲಿ ಗೊರಕೆ ನಿಂತಿತು; ನಿದ್ದೆಯ ಪರೀಕ್ಷೆಯಲ್ಲೂ ಪಾಸು. ರಜೆ ಮುಗಿಸಿ ಹೋದ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆ ಡಾಕ್ಟರ ಮುಂದೆ ನಿಂತರೆ ಕ್ರೇನು ನನ್ನದು, ತಪ್ಪಿದರೆ ಬೇರೆಯವನದು. ಆದರೆ ಗೇಟಿನಲ್ಲಿ ಮುಖ ನೋಡಿ ಒಳಗೆ ಬಿಡುವ ಮಷೀನು ನನ್ನನ್ನು ಕಂಡು ಕೆಂಪು ದೀಪ ಹಾಕಿತು.

ಬೀದರ ಕಡೆಯ ಕಾವಲುಗಾರ ನನ್ನ ಕಾರ್ಡು ನೋಡಿದ. "ಯಾರ್ರಿ ನೀವು? ಈ ಫೋಟೋದಾಗಿನ ಕಾಕಾಗ ಗದ್ದಾನ ಇಲ್ಲ."

"ನಾನ ಅದೀನೋ ತಮ್ಮಾ!"

"ಎಲ್ಲಾರೂ ಹಂಗ ಅಂತಾರ್ರಿ."

ಒಂಬತ್ತಕ್ಕೆ ಐದು ನಿಮಿಷ. ತಡೆಯಲಾರದೆ ಕೂಗಿದೆ: "ಲೇ, ನನ್ನ ಎಲುಬು ಕೊಯ್ಯಾಕ ಹೋಗಿ ಡಾಕ್ಟರಂದು ಮೂರು ಗರಗಸ ಮುರದಾವ! ನಾಕನೇದು ನಮ್ಮ ಕಾರ್ಖಾನಿಯಿಂದನ ತರಿಸಿದ್ರು!"

ಅವನು ದಡಬಡಿಸಿ ಎದ್ದು ಸಲಾಮು ಹೊಡೆದ. "ಅಯ್ಯ, ನೀವ ಏನ್ರಿ ಕಾಕಾ! ಇಂಥಾ ಬಂಡಲ್ ನಿಮ್ಮನ್ನ ಬಿಟ್ಟು ಬ್ಯಾರೆ ಯಾರು ಬಿಡ್ತಾರ್ರಿ? ಇದನ್ನ ಮೊದಲ ಹೇಳಬಾರದೇನ್ರಿ?" ಗೇಟು ತೆರೆಯಿತು. ಹತ್ತು ಗಂಟೆಗೆ ನಾನು ಮೇಲೆ, ನನ್ನ ಕ್ಯಾಬಿನ್ನಿನಲ್ಲಿದ್ದೆ.

ಒಂದು ಸಣ್ಣ ವಿವರ ಮಾತ್ರ ನಾನೇ ಸೇರಿಸಿದ್ದು, ಒಪ್ಪಿಕೊಳ್ಳುತ್ತೇನೆ. ಮುರಿದ ಗರಗಸ ಮೂರಲ್ಲ, ಎರಡು.