ಕಾಕಾನ ಪರದೆ

ನಮ್ಮ ಕಾಕಾ ದೇವರನ್ನು ಕಂಡಿದ್ದಾರೋ ಇಲ್ಲವೋ ನಾನರಿಯೆ. ಆದರೆ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್‌ನ ತಳ ಕಂಡವರು ಇಡೀ ಬಸವಕಲ್ಯಾಣದಲ್ಲಿ ಅವರೊಬ್ಬರೇ! ಹುಮನಾಬಾದಿನಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದು ನಿವೃತ್ತರಾದವರು, ಈಗ ನಮ್ಮ ಓಣಿಯ ಸಭಾಭವನದಲ್ಲಿ ವಾರವಾರ ನಡೆಯುವ ವಚನ ಗಾಯನಕ್ಕೆ ಪರದೆಯ ಮೇಲೆ ಸಾಲು ಮೂಡಿಸುತ್ತಾರೆ. ಕೈಕಾಲು ತೊಳೆದು, ಪ್ರೊಜೆಕ್ಟರಿಗೆ ವಿಭೂತಿ ಹಚ್ಚಿದ ಮೇಲೆಯೇ ಗ್ರಾಫಿಕ್ಸ್ ಮೆನು ತೆರೆಯುವುದು!

ಇಷ್ಟೆಲ್ಲ ಯಾರಿಗಾಗಿ? ಕಾಕಿಗಾಗಿ. ಹಿಂದೊಮ್ಮೆ ಬಂದ ಜ್ವರ ಕಾಕಿಯ ಕಿವಿಗಳನ್ನು ಪೂರ್ತಿ ಕಿತ್ತುಕೊಂಡು ಹೋಯಿತು. ಅಂದಿನಿಂದ ಅವರು ದನಿ ತೆಗೆದು ಹಾಡಿಲ್ಲ. ಕೊನೆಯ ಸಾಲಿನಲ್ಲಿ ಕುಳಿತು, ಪರದೆ ನೋಡುತ್ತ ತುಟಿಯಷ್ಟೇ ಆಡಿಸುತ್ತಾರೆ. ಅಂಚಿನಲ್ಲಿ ಒಂದಕ್ಷರ ಕತ್ತರಿಸಿ ಹೋದರೂ ಅವರ ಹಾಡು ಅಲ್ಲಿಗೇ ನಿಂತೀತು. ಅದಕ್ಕೇ ಕಾಕಾ ನನ್ನನ್ನು ಕಾಕಿಯ ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ನಡೆಸುತ್ತಾರೆ.

"ರೆಸಲ್ಯೂಷನ್ ಹೊಂದಸಾಕತ್ತೇನಿ. ಕಡೀ ಅಕ್ಷರದ ಕೊಂಬು ಕಾಣಸ್ತದೇನು?"

"ಅರ್ಧಾ ಕಾಣಸ್ತದ್ರಿ."

"ಅರ್ಧಾ ಕೊಂಬಿಗಿ ಪೂರಾ ಪಾಪ!"

ಇಂಥವರೂ ಒಮ್ಮೆ ಜಾರಿದರು. ಲ್ಯಾಪ್‌ಟಾಪಿನ ಪರದೆ, ಗೋಡೆಯ ಪರದೆ ಎರಡನ್ನೂ ಬೇರೆಬೇರೆ ಇಡುವ ಬದಲು ಒಂದೇ ಮಾಡಿಬಿಟ್ಟರು. ಹಾಡಿನ ನಡುವೆ ಹುಮನಾಬಾದಿನ ತಂಗಿಯ ಮೆಸೇಜು ಗೋಡೆಯಗಲ ಮೂಡಿತು: "ಅಣ್ಣಾ, ಎಮ್ಮಿ ಕರಾ ಹಾಕ್ಯದ, ಗಿಣ್ಣ ಕಳಸಾಕತ್ತೇನಿ." ಪರದೆಯ ಮೇಲೆ ಬಂದದ್ದನ್ನೆಲ್ಲ ಹಾಡಿ ರೂಢಿಯಾದ ಜನ ಬಿಡುತ್ತಾರೆಯೇ? ಅದೇ ರಾಗದಲ್ಲಿ ಎರಡೆರಡು ಸಲ ಹಾಡಿದರು! ಕಾಕಾ ಎದ್ದು ಕೈಮುಗಿದರು. "ತಪ್ಪಾತ್ರಿ. ಗಿಣ್ಣ ಎಲ್ಲಾರಿಗೂ ಕೊಡತೀನಿ." ಮರುದಿನ ಕೊಟ್ಟರು ಕೂಡ.

ಕಳೆದ ವಾರ ಹೊಸ ಹಾರ್ಮೋನಿಯಂ ಮಾಸ್ತರು ಬಂದಿದ್ದರು. ಬಸ್ಸು ತಪ್ಪುತ್ತದೆಂಬಂತೆ ನುಡಿಸುವ ಆಸಾಮಿ! ಹಾಡು ಓಡಿತು, ಪರದೆ ಓಡಲಿಲ್ಲ. ಕಾಕಾ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಹಿಂದಕ್ಕೆ ನೋಡುತ್ತಿದ್ದರು.

"ಕಾಕಾ, ಮುಂದಿನ ಸಾಲು ಹಾಕ್ರಿ!" ಎಂದರು ಮಾಸ್ತರು.

"ನಿಂದರ್ರಿ. ಆಕಿ ಇನ್ನಾ ಈ ಸಾಲಿನ್ಯಾಗೇ ಇದ್ದಾಳ."

ಸಭೆಯೆಲ್ಲ ಹಿಂದೆ ತಿರುಗಿತು. ಇಷ್ಟು ವರ್ಷ ಕಾಕಾ ನೋಡಿ ಸಾಲು ಬದಲಿಸುತ್ತಿದ್ದುದು ಗಾಯಕರನ್ನಲ್ಲ, ಕಾಕಿಯ ತುಟಿಗಳನ್ನು ಎಂಬುದು ಆಗ ನಮಗೆ ತಿಳಿಯಿತು. ಮಾಸ್ತರು ಮೆಲ್ಲನೆ ಲಯ ಇಳಿಸಿದರು. ಎಲ್ಲರೂ ಕಾಕಿಯ ತುಟಿಗೆ ತಮ್ಮ ದನಿ ಹೊಂದಿಸಿಕೊಂಡು ಹಾಡತೊಡಗಿದರು. ಅಷ್ಟು ಮುಖಗಳು ತಮ್ಮತ್ತ ತಿರುಗಿ, ತಮ್ಮ ಜೊತೆಗೇ ಬಾಯಿ ತೆರೆಯುವುದನ್ನು ಕಂಡು ಕಾಕಿ ದನಿ ತೆಗೆದೇಬಿಟ್ಟರು. ಶ್ರುತಿಯಿಲ್ಲ, ತಾಳವಿಲ್ಲ, ಒಡಕು ದನಿ. ಅವರಿಗೆ ಅದು ಕೇಳಿಸಲಿಲ್ಲ.

ಕಾಕಾ ಕೇಳಿದರು. ಆ ಸಾಲನ್ನು ಬಹಳ ಹೊತ್ತು ಬದಲಿಸಲೇ ಇಲ್ಲ.